ತಾಯಂದಿರು ಒಳಗೆ ಬನ್ನಿ

ಫೆಬ್ರವರಿ ೧೧

ತಂಗೀ,

ಕ್ಷೇಮಸಮಾಚಾರ ಆಮೇಲೆ. ಮೊದಲು ಹೊಟ್ಟೆಯಲ್ಲಿರುವ ಸಿಟ್ಟನ್ನು ಕಕ್ಕಿಬಿಡುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನೆತ್ತಿದರೆ ನಾನು ಕಿರುಚುತ್ತೇನೆ, ನೀನು ಅಳುತ್ತೀಯ, ಕೊನೆಗೆ ಯಾರು ಏನು ಹೇಳಿದರು ಎನ್ನುವುದೇ ತಿಳಿಯುವುದಿಲ್ಲ. ನಮ್ಮಿಬ್ಬರಿಗೆ ಕಾಗದವೇ ವಾಸಿ ಎಂದು ನೀನೇ ಹೇಳಿದ್ದು. ಡಿಪೋದ ಕ್ಯಾಂಟೀನಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೆಳಗಿನಿಂದ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಇದು.

ನಿಮ್ಮವರಿಗೆ ಈ ಊರಿಗೆ ವರ್ಗವಾಗುವ ಹೊತ್ತಿಗೆ ನಮ್ಮ ಹುಡುಗಿ ಮಿಡತೆಗೊಂದು ಒಳ್ಳೆಯ ಬ್ಯಾಲೆ ಶಾಲೆ ನೋಡಿಡು ಎಂದೆಯಲ್ಲ, ಮೂರು ನೋಡಿದೆ. ಥೂ.

ಮೊದಲನೆಯದು ಅಂಗಡಿಬೀದಿಯಲ್ಲಿದೆ, ಗಾಜಿನ ಗೋಡೆಯದು. ಗೋಡೆಯ ಆಚೆ ಮಕ್ಕಳು, ಈಚೆ ಸೋಫಾದ ಮೇಲೆ ಅಮ್ಮಂದಿರು. ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಕೂಸುಗಳಿಗೆ ತುಟಿಗೆ ಬಣ್ಣ, ಕೆನ್ನೆಗೆ ಬಣ್ಣ, ಕಣ್ಣಿಗೆ ಅಂಟಿಸಿದ ರೆಪ್ಪೆ. ಪಾಠ ಎನ್ನುವಂಥದ್ದು ಏನೂ ನಡೆಯುತ್ತಿರಲಿಲ್ಲ. ಟೀಚರು ಒಂದು ಮಗುವನ್ನು ಮುಂದೆ ತಳ್ಳಿ ಚಿಟ್ಟೆ ಎಂದಳು, ಇನ್ನೊಂದನ್ನು ತಳ್ಳಿ ಹೂವು ಎಂದಳು, ಅಮ್ಮಂದಿರೆಲ್ಲ ಫೋನು ಎತ್ತಿ ಹಿಡಿದರು. ಒಂದು ಕೂಸಿಗೆ ಉಚ್ಚೆ ಅವಸರ. ಕಾಲು ಕತ್ತರಿ ಮಾಡಿಕೊಂಡು ಗಾಜು ಬಡಿಯುತ್ತಿದೆ. ಅದರ ಅಮ್ಮ ಈಚೆಯಿಂದ "ಸ್ಮೈಲ್ ಮಾಡು ಚಿನ್ನೂ, ಇಲ್ಲಿ ನೋಡು, ಸ್ಮೈಲ್" ಅನ್ನುತ್ತಿದ್ದಾಳೆ! ನಾನೇ ಒಳಗೆ ನುಗ್ಗಿ ಎತ್ತಿಕೊಂಡು ಹೋದೆ. ಬಾತ್‌ರೂಮಿನಲ್ಲಿ ಅದು "ಆಂಟಿ, ಮುಖಾನೂ ತೊಳ್ದುಬಿಡಿ, ತುರಿಸ್ತಿದೆ" ಅಂದಿತು. ತೊಳೆದೆ. ಅದಕ್ಕೆ ಆ ಮಹಾತಾಯಿ ನನ್ನ ಮೇಲೆ ಹಾರಿಬಿದ್ದಳು, ಮೇಕಪ್ಪು ಹಾಳಾಯಿತಂತೆ.

ಎರಡನೆಯದು ಜಿಮ್ಮಿನ ಮಹಡಿಯ ಮೇಲೆ. ದೊಡ್ಡವರಿಗೂ ಹೊಸದಾಗಿ ಕಲಿಸುತ್ತೇವೆ ಎಂದು ಬೋರ್ಡು ಹಾಕಿದ್ದಾರೆ. ನಾನು ಹೋದಾಗ ಆ ತರಗತಿಯೇ ನಡೆಯುತ್ತಿತ್ತು. ಮೆಟ್ಟಿಲಿನಿಂದಲೇ ಬೆವರಿನ ಮುಗ್ಗಲು ವಾಸನೆ. ಕಲಿಸುವವನು ಬಾಯಲ್ಲಿ ಚೂಯಿಂಗ್ ಗಮ್ ಅಗಿಯುತ್ತ, ಫೋನು ನೋಡುತ್ತ ತಾಳ ಹೇಳುತ್ತಿದ್ದ. ಅಭ್ಯಾಸಕ್ಕೆಂದು ಗೋಡೆಗೆ ಹಾಕಿದ ಕಂಬಿ ಹಿಡಿದು ನಿಂತವರಲ್ಲಿ ತಲೆ ಪೂರ್ತಿ ನರೆತ ಒಬ್ಬ ಗುಮಾಸ್ತರು. ಎಷ್ಟು ಶ್ರದ್ಧೆಯಿಂದ ಮೊಣಕಾಲು ಮಡಿಸುತ್ತಿದ್ದರು ಅಂದರೆ ನೋಡಿದರೆ ಪ್ರೀತಿ ಬರುತ್ತಿತ್ತು. ಆ ಪೋರ "ತಾತಾ, ನಿಧಾನ, ಆಂಬುಲೆನ್ಸ್ ಕರೆಸಬೇಕಾದೀತು" ಎಂದ. ಎಲ್ಲರೂ ಕಿಸಕ್ಕೆಂದರು. ಗುಮಾಸ್ತರೂ ನಕ್ಕರು. ಅವರು ನಕ್ಕದ್ದೇ ನನಗೆ ಹೆಚ್ಚು ಮೈ ಉರಿಸಿತು.

ಮೂರನೆಯದು ಕಾರ್ಪೊರೇಷನ್ನಿನ ಈಜುಕೊಳದ ಮೇಲಿನ ಹಾಲು. ಕ್ಲೋರಿನ್ ವಾಸನೆ, ಮೂಲೆಯಲ್ಲಿ ಕೂದಲಿನ ಉಂಡೆ, ಟೀಚರಮ್ಮನಿಗೆ ನೆಗಡಿ. ತೋಳಿಗೇ ಸೀನುತ್ತಾಳೆ. ಮಕ್ಕಳೂ ಮಧ್ಯವಯಸ್ಸಿನವರೂ ಒಂದೇ ಕಂಬಿ ಹಿಡಿದು ನಿಲ್ಲುತ್ತಾರೆ. "ಬೆರಳ ತುದಿ ಮೇಲೆ ನಿಲ್ಲೋ ಆ ಗಟ್ಟಿ ಬೂಟು ಯಾವಾಗ ಕೊಡ್ತೀರಿ?" ಎಂದು ಕೇಳಿದೆ. "ಮೂಳೆ ಬಲಿತ ಮೇಲೆ. ಅವಸರ ಇದ್ರೆ ಬೇರೆ ಕಡೆ ನೋಡ್ಕೊಳ್ಳಿ" ಎಂದು ಮತ್ತೊಮ್ಮೆ ಸೀನಿದಳು. ಇಷ್ಟವಾಯಿತು ಎಂದು ಹೇಳಲಾರೆ. ಆದರೆ ವಾಕರಿಕೆ ಬರಲಿಲ್ಲ. ಈ ವಾರದ ಮಟ್ಟಿಗೆ ಇದೇ ದೊಡ್ಡ ಹೊಗಳಿಕೆ ಎಂದು ತಿಳಿದುಕೋ.

ಮಿಡತೆಗೆ ಮುತ್ತು.

ನಿನ್ನ ಅಕ್ಕ

* * *

ಮಾರ್ಚ್ ೨

ಅಕ್ಕಾ,

ನೀನು ಶಾಲೆ ನೋಡಲು ಹೋಗಿದ್ದೆಯೋ ಜಗಳ ತೆಗೆಯಲು ಹೋಗಿದ್ದೆಯೋ? ಓದುತ್ತ ಓದುತ್ತ ಅಂಗಡಿಯಲ್ಲೇ ನಕ್ಕುಬಿಟ್ಟೆ. ಕನ್ನಡಕಕ್ಕೆ ಅಳತೆ ಕೊಡುತ್ತ ಕುಳಿತಿದ್ದ ಗಿರಾಕಿ ತಮ್ಮನ್ನೇ ನೋಡಿ ನಗುತ್ತಿದ್ದೇನೆ ಎಂದು ಮುಖ ಊದಿಸಿಕೊಂಡರು.

ಈಜುಕೊಳದ ಮೇಲಿನ ಹಾಲು ಬೇಡ. ನಮ್ಮ ಹುಡುಗಿಯ ಕೈಕಾಲು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಇವಳನ್ನು ದೊಡ್ಡ ಶಾಲೆಗೆ ಹಾಕಿ ಎಂದು. ನಿಮ್ಮೂರಿನ ಆ ಹಳೇ ಕಲ್ಲು ಕಟ್ಟಡದ ಶಾಲೆ. ನಿನ್ನ ಬಸ್ಸೇ ಅದರ ಮುಂದೆ ನಿಲ್ಲುತ್ತದಲ್ಲ! ಅದನ್ನು ಬಿಟ್ಟು ಊರೆಲ್ಲ ಸುತ್ತಿದ್ದೀಯ. ಬೇಕೆಂದೇ ಬಿಟ್ಟೆ ಎಂದು ನನಗೆ ಗೊತ್ತು. ಏಪ್ರಿಲ್ಲಿನಲ್ಲಿ ಅಲ್ಲಿ ಆಯ್ಕೆ ಇದೆ. ನನಗೆ ಆ ವಾರ ರಜೆ ಸಿಗುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಅವಳನ್ನು ರೈಲು ಹತ್ತಿಸುತ್ತೇನೆ, ನೀನು ಕರೆದುಕೊಂಡು ಹೋಗು. ಅವಳು ದಿನವೂ ಬಚ್ಚಲಿನ ಬೇಸಿನ್ ಹಿಡಿದುಕೊಂಡು ಕಾಲೆತ್ತಿ ಅಭ್ಯಾಸ ಮಾಡುತ್ತಾಳೆ. ಹಲ್ಲುಜ್ಜಲು ನಾವು ಸರದಿ ಕಾಯಬೇಕು.

ದಯವಿಟ್ಟು ಯೂನಿಫಾರ್ಮಿನಲ್ಲಿ ಹೋಗಬೇಡ. ಯಾರ ಜೊತೆಗೂ ಕಾಲು ಕೆದರಬೇಡ.

ಇನ್ನೊಂದು ಮಾತು. ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಇಷ್ಟು ದಿನ ಅವಳು ನಿನ್ನ ಹತ್ತಿರ ಒಂಟಿಯಾಗಿ ಎಂದೂ ಉಳಿದಿಲ್ಲ. ಹೆತ್ತವಳು ನೀನೇ, ನಾನು ಮರೆತಿಲ್ಲ. ಆದರೆ ಅವಳಿಗೆ ಅಮ್ಮ ನಾನು, ನೀನು ದೊಡ್ಡಮ್ಮ. ಒಂಬತ್ತು ವರ್ಷದಿಂದ ನಡೆದುಕೊಂಡು ಬಂದದ್ದು ಹಾಗೇ ಇರಲಿ. ನಿನ್ನ ಮೇಲೆ ನನಗೆ ನಂಬಿಕೆ ಇದೆ.

ನಿನ್ನ ತಂಗಿ

* * *

ಏಪ್ರಿಲ್ ೧೪

ತಂಗೀ,

ಸೀಟು ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎನ್ನುವುದನ್ನು ಕುಳಿತುಕೊಂಡು ಓದು.

ನೀನು ಹೇಳಿದ ಹಾಗೆ ಯೂನಿಫಾರ್ಮ್ ಬಿಟ್ಟು ನೆಂಟರ ಮನೆಗೆ ಹಾಕುವ ಕೋಟು ಹಾಕಿಕೊಂಡೆ. ಬಾಯಿಗೆ ಬೀಗ ಹಾಕಿಕೊಂಡೆ. ಎತ್ತರದ ಕಿಟಕಿಗಳು, ಗೋಡೆಯ ತುಂಬ ಸಣಕಲು ಹುಡುಗಿಯರ ಫೋಟೋ. ಒಬ್ಬಳೂ ನಗುತ್ತಿಲ್ಲ. ಬಾಗಿಲಲ್ಲೇ ಮಕ್ಕಳ ಎದೆಗೆ ನಂಬರಿನ ಚೀಟಿ ಸಿಕ್ಕಿಸಿದರು, ಹೆಸರನ್ನು ಯಾರೂ ಕೇಳಲಿಲ್ಲ. ಒಳಗೆ ಮೂವರಿದ್ದರು: ನೆಲಕ್ಕೆ ಕುಟ್ಟಿ ತಾಳ ಹಾಕಲು ಕೋಲು ಹಿಡಿದ ಹಿರಿಯ ಟೀಚರು, ಟೇಪು ಹಿಡಿದ ಒಬ್ಬ ಡಾಕ್ಟರು, ಬರೆದುಕೊಳ್ಳಲು ಒಬ್ಬಳು. ಆ ಹಿರಿಯಳನ್ನು ನಾನು ಕೋಲಿನಮ್ಮ ಎಂದೇ ಕರೆಯುತ್ತೇನೆ, ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಕೈಲಾಗದು.

ಬಾಗಿಲು ಅರ್ಧ ತೆರೆದಿತ್ತು. ಮಿಡತೆಯನ್ನು ಬಗ್ಗಿಸಿದರು, ತಿರುಗಿಸಿದರು, ಕಾಲನ್ನು ಕಿವಿಯ ತನಕ ಎತ್ತಿದರು. ಅವಳು ತುಟಿ ಕಚ್ಚಿಕೊಂಡು ಎಲ್ಲವನ್ನೂ ಮಾಡಿದಳು. "ಡಾಕ್ಟ್ರೇ, ಪಾದ ನೋಡಿ. ಎಂಥಾ ಕಮಾನು! ಇದು ಕಲಿಸಿದ್ರೆ ಬರೋದಲ್ಲ" ಎಂದಳು ಕೋಲಿನಮ್ಮ. ನಾನು ನಿಂತಲ್ಲೇ ಉಬ್ಬಿಹೋದೆ.

ಆಮೇಲೆ ಬಾಗಿಲನ್ನು ಪೂರ್ತಿ ತೆಗೆದು ಕೂಗಿದರು: "ತಾಯಂದಿರು ಒಳಗೆ ಬನ್ನಿ."

ಏನೋ ಬುದ್ಧಿಮಾತು ಹೇಳುತ್ತಾರೆ ಎಂದುಕೊಂಡು ಹೋದೆ. ಅಲ್ಲ. ಮಗು ಮುಂದೆ ಹೇಗೆ ಬೆಳೆಯುತ್ತದೆ ಎನ್ನುವುದನ್ನು ತಾಯಿಯ ಮೈ ನೋಡಿ ಲೆಕ್ಕ ಹಾಕುವುದು ಇವರ ಪದ್ಧತಿಯಂತೆ. ಕೋಟು ಬಿಚ್ಚಿ, ಸಾಲಾಗಿ ನಿಲ್ಲಿ, ಪಕ್ಕಕ್ಕೆ ತಿರುಗಿ, ಹಿಂದಕ್ಕೆ ತಿರುಗಿ. ಹಳೆಯ ಗಾಡಿ ಕೊಳ್ಳುವವರು ಟೈರು ಒದ್ದು ನೋಡುತ್ತಾರಲ್ಲ, ಹಾಗೆ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಮಕ್ಕಳನ್ನು ಎದುರಿಗೇ ನಿಲ್ಲಿಸಿದ್ದರು. ಓದಿದ, ದುಡಿಯುವ, ಮನೆಯಲ್ಲಿ ನಾಲಿಗೆ ಚಾಚುವ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. ನನ್ನ ಪಕ್ಕದವಳು ಯಾರೂ ಕೇಳದಿದ್ದರೂ "ಹೋದ ವರ್ಷ ಇನ್ನೊಂದು ಹೆರಿಗೆ ಆಯ್ತು ಮೇಡಂ, ಅದಕ್ಕೇ ಹೀಗೆ, ಮೊದ್ಲು ಸಣ್ಣಗಿದ್ದೆ" ಎಂದು ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಿಕೊಂಡಳು. ಅಪ್ಪಂದಿರು ಹೊರಗೆ ಬೆಂಚಿನ ಮೇಲೆ ಪೇಪರು ಓದುತ್ತಿದ್ದರು. ಅವರ ಹೊಟ್ಟೆ ಯಾರಿಗೂ ಬೇಕಾಗಿರಲಿಲ್ಲ.

ನನ್ನ ಮುಂದೆ ಕೋಲಿನಮ್ಮ ಬಹಳ ಹೊತ್ತು ನಿಲ್ಲಲಿಲ್ಲ. ಕೋಲಿನ ತುದಿಯಿಂದ ನನ್ನ ಸೊಂಟದ ಪಕ್ಕ ಗಾಳಿಯಲ್ಲಿ ಒಂದು ಗೆರೆ ಎಳೆದಳು. ಮೈಗೆ ಮುಟ್ಟಿಸಲಿಲ್ಲ, ಅಷ್ಟು ನಾಜೂಕು. ಮಿಡತೆಯ ಕಡೆ ತಿರುಗಿ, "ನೀನು ಚೆನ್ನಾಗಿದ್ದೀಯ ಮರಿ. ಆದ್ರೆ ದೊಡ್ಡವಳಾದ್ಮೇಲೆ ನಿಂಗೂ ಇದು ಬರತ್ತೆ. ಬಂದ್ಮೇಲೆ ನಾವೇನೂ ಮಾಡಕ್ಕಾಗಲ್ಲ" ಎಂದಳು.

ಇದು ಅಂದರೆ ನಾನು.

ಬಸ್ಸಿನಲ್ಲಿ ಮಿಡತೆ ಕಿಟಕಿಗೆ ಅಂಟಿಕೊಂಡು ಕುಳಿತಳು. ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಮನೆಗೆ ಬಂದ ಮೇಲೆ ಹಾಲು ಕೊಟ್ಟೆ, ಬೇಡ ಎಂದಳು. ಈಗ ಪಕ್ಕದ ಮನೆಯ ನಾಯಿಯ ಜೊತೆ ಆಡುತ್ತಿದ್ದಾಳೆ. ನಾನು ಕಿಟಕಿಯಿಂದ ನೋಡುತ್ತಿದ್ದೇನೆ ಎಂದು ಗೊತ್ತಾದಾಗ ಮಾತ್ರ ಆಡುತ್ತಾಳೆ.

ಅಕ್ಕ

* * *

ಏಪ್ರಿಲ್ ೨೦

ಅಕ್ಕಾ,

ಬಾಯಿ ಬಿಡಲು ನಿನಗೇನಾಗಿತ್ತು? ಬಸ್ಸಿಗೆ ಅಡ್ಡ ಬಂದವರ ಏಳು ತಲೆಮಾರನ್ನು ಜಾಲಾಡುವವಳು ನೀನು. "ನಾನು ಇವಳ ದೊಡ್ಡಮ್ಮ, ತಾಯಿ ಊರಲ್ಲಿಲ್ಲ" ಎಂಬ ಒಂದು ಸಾಲು ಹೇಳಲು ನಾಲಿಗೆ ಬರಲಿಲ್ಲವೇ? ಮಗು ಇಷ್ಟು ದಿನ ಕಂಡ ಕನಸನ್ನು ಸುಮ್ಮನೆ ನಿಂತು ಹಾಳುಮಾಡಿದೆ.

ಮೈ ಬಗ್ಗೆ ನಾನು ಎಂದೂ ಏನೂ ಅಂದಿಲ್ಲ. ಈಗ ಅನ್ನುತ್ತೇನೆ. ದಿನವಿಡೀ ಕೂತೇ ಇರುವ ಕೆಲಸ, ಡಿಪೋದ ಊಟ, ಸ್ವಲ್ಪವಾದರೂ ನಿನ್ನನ್ನು ನೀನು ನೋಡಿಕೊಂಡಿದ್ದರೆ ಇಂಥ ಮಾತು ಕೇಳುವ ಪ್ರಮೇಯ ಬರುತ್ತಿರಲಿಲ್ಲ. ಬರೆದ ಮೇಲೆ ಹೊಡೆದುಹಾಕೋಣ ಎಂದುಕೊಂಡೆ. ಇರಲಿ ಬಿಡು.

ಶಾಲೆಗೆ ನಾನೇ ಬರೆದಿದ್ದೇನೆ: ತಪ್ಪು ತಿಳುವಳಿಕೆಯಾಗಿದೆ, ಜೊತೆಗೆ ಬಂದದ್ದು ದೂರದ ಸಂಬಂಧಿ ಎಂದು. ಮೇ ತಿಂಗಳಲ್ಲಿ ಮತ್ತೊಮ್ಮೆ ಕರೆದಿದ್ದಾರೆ. ನಾನೇ ರಜೆ ಹಾಕಿ ಬರುತ್ತೇನೆ. ನನ್ನನ್ನು ನೋಡಲಿ.

ತಂಗಿ

* * *

ಏಪ್ರಿಲ್ ೨೭

ತಂಗೀ,

ದೂರದ ಸಂಬಂಧಿ. ಓದಿದೆ. ಮತ್ತೊಮ್ಮೆ ಓದಿದೆ. ನಿನ್ನ ಅಕ್ಷರ ಚೆನ್ನಾಗಿದೆ, ಚಿಕ್ಕಂದಿನಿಂದಲೂ ಹಾಗೇ.

ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದ್ದೀಯ. ಹೇಳುತ್ತೇನೆ. ತಾಯಂದಿರು ಎಂದು ಕರೆದಾಗ ಎದ್ದು ಹೋಗಿ ಸಾಲಿನಲ್ಲಿ ನಿಂತದ್ದು ನನಗೆ ಹಿತವಾಗಿತ್ತು. ಆ ಕೋಣೆಯಲ್ಲಿದ್ದ ಎಲ್ಲರೂ ನನ್ನನ್ನು ಅವಳ ತಾಯಿ ಎಂದುಕೊಂಡಿದ್ದರು. ಒಬ್ಬರೂ ಅನುಮಾನಪಡಲಿಲ್ಲ. ಕೋಲಿನಮ್ಮ ಬಾಯಿ ತೆರೆಯುವ ತನಕ ನಾನು ಸುಖವಾಗಿದ್ದೆ. ಇನ್ನೇನು ಹೇಳಲಿ?

ತಪ್ಪು ತಿಳುವಳಿಕೆ ಎಂದೆಯಲ್ಲ, ತಪ್ಪು ಯಾರದು? ಆ ಹೆಂಗಸಿನ ಪದ್ಧತಿ ಹೇಸಿಗೆಯದು, ಮಾತು ಹೇಸಿಗೆಯದು. ಆದರೆ ಅವಳು ನೋಡಿದ್ದು ಸರಿಯಾದ ಹೆಂಗಸನ್ನೇ. ಅವಳು ಹಾಡಿ ಹೊಗಳಿದ ಪಾದವೂ ನನ್ನದೇ, ಬೈದ ಸೊಂಟವೂ ನನ್ನದೇ. ನಾನೂ ಒಂಬತ್ತು ವರ್ಷದವಳಿದ್ದಾಗ ಕಡ್ಡಿಯ ಹಾಗಿದ್ದೆ, ಅಮ್ಮ ನನ್ನನ್ನು ಪೊರಕೆಕಡ್ಡಿ ಎಂದೇ ಕರೆಯುತ್ತಿದ್ದಳು. ನಿನಗೆ ನೆನಪಿರಲಾರದು, ನೀನು ತೊಟ್ಟಿಲಲ್ಲಿದ್ದೆ. ಡಿಪೋದ ಊಟದಿಂದ ಬಂದದ್ದಲ್ಲ ಇದು. ಮೈನೆರೆದ ವರ್ಷ ಬಂದದ್ದು.

ಮಿಡತೆಯ ಅಪ್ಪ ಎನ್ನುವ ಪ್ರಾಣಿ ಹೇಳದೆ ಕೇಳದೆ ಹೋದ ಮೇಲೆ, ನಿನಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಅಮ್ಮ ಅಡುಗೆಮನೆಯಲ್ಲಿ ನಿಂತು ಪಾತ್ರೆ ಒರೆಸುತ್ತಲೇ ತೀರ್ಮಾನ ಮಾಡಿಬಿಟ್ಟಳು. ನಾನು ಒಪ್ಪಿದೆ. ಅದಕ್ಕೆ ಈಗ ಅಳುತ್ತ ಕೂರುವುದಿಲ್ಲ. ನೀನು ಚೆನ್ನಾಗಿ ಸಾಕಿದ್ದೀಯ, ನನ್ನ ಕೈಲಿ ಅಷ್ಟು ಆಗುತ್ತಿರಲಿಲ್ಲ. ಆದರೆ ನಿನ್ನ ಸಪೂರ ಮೈ ತೋರಿಸಿ ಅವಳಿಗೆ ಸೀಟು ಕೊಡಿಸಿದರೆ, ನಾಳೆ ಅವಳಿಗೆ ನನ್ನ ಮೈ ಬಂದಾಗ ಏನು ಮಾಡುತ್ತೀಯ? ಅವರು ಹೊರಗೆ ಹಾಕುತ್ತಾರೆ. ಆಗ ಅವಳು ತಾನು ಏನೋ ತಪ್ಪು ಮಾಡಿದೆ, ಹೆಚ್ಚು ತಿಂದೆ, ಸಾಕಷ್ಟು ಕುಣಿಯಲಿಲ್ಲ ಎಂದುಕೊಳ್ಳುತ್ತಾಳೆ.

ಅವಳ ಮೈಯೇ ಅವಳಿಗೆ ಹೇಳುವ ಮೊದಲು ನಾವು ಹೇಳೋಣ. ಇದೊಂದನ್ನೇ ಕೇಳುತ್ತೇನೆ. ಹೇಳುವವಳು ನೀನಾಗಿರು. ನಾನು ಹೇಳಿದರೆ ಕಸಿದುಕೊಂಡ ಹಾಗಾಗುತ್ತದೆ.

ಅಕ್ಕ

* * *

ಜೂನ್ ೯

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮೇ ತಿಂಗಳಲ್ಲಿ ಬಂದಾಗ ನಿನ್ನ ಮನೆಗೂ ಬರಲಿಲ್ಲ, ಲಾಡ್ಜಿನಲ್ಲಿ ಉಳಿದೆವು. ನಿನಗೆ ಗೊತ್ತಾಗಿಯೇ ಇರುತ್ತದೆ, ನಿನ್ನ ಕಂಡಕ್ಟರು ನಮ್ಮನ್ನು ಸ್ಟಾಪಿನಲ್ಲಿ ನೋಡಿದರು. ಈಗ ಮನೆ ಮಾಡಿದ್ದೇವೆ, ಹೊಳೆಯ ಆಚೆ ಕಡೆ. ಒಂದೇ ಊರಿನಲ್ಲಿದ್ದುಕೊಂಡು ಕಾಗದ ಹಾಕುತ್ತಿದ್ದೇನೆ, ಏನಾದರೂ ಅಂದುಕೋ.

ಸೀಟು ಸಿಕ್ಕಿತು.

ನನ್ನನ್ನು ಒಬ್ಬಳನ್ನೇ ನಿಲ್ಲಿಸಿದರು. ತಿರುಗಿ ಎಂದರು, ತಿರುಗಿದೆ. ಕಣಕಾಲು ನೋಡಿದರು. "ಇದು ಸರಿಹೋಯ್ತು ನೋಡಿ" ಎಂದರು ಆ ಹಿರಿಯ ಟೀಚರು, ಡಾಕ್ಟರು ತಲೆ ಆಡಿಸಿದರು. ಅಕ್ಕಾ, ನನಗೆ ಖುಷಿಯಾಯಿತು. ಮದುವೆಗೆ ಹುಡುಗನ ಕಡೆಯವರು ನೋಡಿ ಒಪ್ಪಿದಾಗ ಆಗಿತ್ತಲ್ಲ, ಅಂಥದೇ ಖುಷಿ. ಆಮೇಲೆ ಮೆಟ್ಟಿಲಿಳಿಯುವಾಗ ಅದೇ ಖುಷಿಯ ಬಗ್ಗೆ ಅಸಹ್ಯವಾಯಿತು. ನೀವು ಎಷ್ಟನೆಯ ವಯಸ್ಸಿಗೆ ಮೈನೆರೆದಿರಿ, ನಿಮ್ಮ ತಾಯಿ ದಪ್ಪವೇ, ಅಕ್ಕತಂಗಿಯರಿದ್ದಾರೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಮಗು ಪಕ್ಕದಲ್ಲೇ ನಿಂತಿತ್ತು. ಅವಳು ನನ್ನ ಮುಖ ನೋಡಿದಳು.

ಜನವರಿಯಲ್ಲಿ ಮತ್ತೆ ತಾಯಂದಿರನ್ನು ಕರೆಯುತ್ತಾರಂತೆ, ವರ್ಷವೂ ಹಾಗೇ. ಮುಂದಿನ ತರಗತಿಗೆ ಯಾರನ್ನು ಉಳಿಸಿಕೊಳ್ಳುವುದೆಂದು ಆಗಲೇ ನಿರ್ಧಾರವಂತೆ.

ನೀನು ಕೇಳಿದ ವಿಷಯ ಈಗ ಬೇಡ. ಅವಳು ಸಂತೋಷವಾಗಿದ್ದಾಳೆ. ಸ್ವಲ್ಪ ದಿನ ಶಾಲೆಯ ಕಡೆ ಅವಳನ್ನು ಕಾಣಲು ಹೋಗಬೇಡ. ಕಾರಣ ನಾನು ಹೇಳಬೇಕಾಗಿಲ್ಲ.

ತಂಗಿ

* * *

ಸೆಪ್ಟೆಂಬರ್ ೧೮

ತಂಗೀ,

ನಾನಾಗಿ ಅವಳನ್ನು ಕಾಣಲು ಹೋಗಲಿಲ್ಲ. ಆದರೆ ಬಸ್ಸು ನನ್ನ ಮಾತು ಕೇಳುವುದಿಲ್ಲ, ಅದರ ದಾರಿಯೇ ಅದು.

ನಿನ್ನೆ ಸಂಜೆ ಶಾಲೆಯ ಮುಂದೆ ನಿಲ್ಲಿಸಿದಾಗ ಒಂದು ಗುಂಪು ಹುಡುಗಿಯರು ಹತ್ತಿದರು. ಎಲ್ಲರ ಕೂದಲೂ ಒಂದೇ ರೀತಿ ಗಂಟು, ಕೊರಳೆಲ್ಲ ಒಂದೇ ಸಮ ಉದ್ದ. ಕೊನೆಯಲ್ಲಿ ನಮ್ಮ ಮಿಡತೆ. ಎಷ್ಟು ಎತ್ತರವಾಗಿದ್ದಾಳೆ! ಕೈ ಎತ್ತಿ ಕರೆಯುವುದರಲ್ಲಿದ್ದೆ. ಅವಳು ಪಾಸು ತೋರಿಸಿ, ನನ್ನ ಕಡೆ ನೋಡದೆ ಹಿಂದೆ ಹೋದಳು. ಇರಲಿ, ನೋಡಿರಲಿಕ್ಕಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವರಲ್ಲೊಬ್ಬಳು "ಅಬ್ಬಾ, ಡ್ರೈವರ್ ಆ ಸೀಟಲ್ಲಿ ಹೇಗೆ ಹಿಡಿಸ್ತಾಳೆ ಮಾರಾಯ್ತಿ!" ಎಂದಳು. ಎಲ್ಲರೂ ನಕ್ಕರು. ನಾನು ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದೆ.

ಮಿಡತೆಯೂ ನಕ್ಕಳು.

ಬೇರೆ ಯಾರೇ ಆಗಿದ್ದರೂ ಬಸ್ಸು ನಿಲ್ಲಿಸಿ ಕೆಳಗಿಳಿಸುತ್ತಿದ್ದೆ. ಬಾಗಿಲು ಹಾಕಿ ಗೇರು ಬದಲಿಸಿದೆ. ಅವಳು ತನ್ನ ಸ್ಟಾಪಿನಲ್ಲಿ ಇಳಿದು ಹಿಂದಿರುಗಿ ನೋಡದೆ ಓಡಿಹೋದಳು. ಆಮೇಲಿನ ಒಂದು ಸ್ಟಾಪಿನಲ್ಲಿ ನಿಲ್ಲಿಸುವುದನ್ನೇ ಮರೆತೆ. ಒಬ್ಬ ಮುದುಕಿ ನನಗೆ ಬಾಯಿಗೆ ಬಂದ ಹಾಗೆ ಬೈದಳು. ಬೈಯಲಿ ಎನಿಸಿತು.

ನಾನು ಮಗುವಿನ ಮೇಲೆ ಸಿಟ್ಟಾಗಿಲ್ಲ ಎಂದು ಬರೆಯಲು ಕುಳಿತೆ. ಆಗಿದ್ದೇನೆ. ಹೇಸಿಗೆಯಾಗಿದೆ. ಅವಳ ಮೇಲೆ, ನಿನ್ನ ಮೇಲೆ, ಆ ಕಲ್ಲು ಕಟ್ಟಡದ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಮನೆಗೆ ಬಂದು ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದು ನಿಂತು ನೋಡಿಕೊಂಡ ನನ್ನ ಮೇಲೆ. ಇಷ್ಟು ವರ್ಷ ಈ ಕೆಲಸ ಮಾಡಿರಲಿಲ್ಲ.

ಡ್ಯೂಟಿ ಬದಲಿಸಿಕೊಡಿ ಎಂದು ಕೇಳಿದ್ದೇನೆ. ಬೇರೆ ದಾರಿಗೆ ಹೋಗುತ್ತೇನೆ.

ಅಕ್ಕ

* * *

ನವೆಂಬರ್ ೩೦

ಅಕ್ಕಾ,

ಇದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹಾಸಿಗೆ ಮಡಿಸಲು ಹೋದೆ. ಅವಳ ತೊಡೆಗಳಿಗೆ ಮಫ್ಲರು ಸುತ್ತಿತ್ತು. ಬಿಗಿದು, ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಕೊಂಡಿದ್ದಳು. ಬಿಚ್ಚಿದರೆ ಕೆಳಗೆ ಚರ್ಮವೆಲ್ಲ ಕೆಂಪು ಬರೆ, ಕೆಲವು ಹಳೆಯವು, ಹಸಿರಾದವು. ದಿನವೂ ಹೀಗೇ ಮಲಗುತ್ತಾಳಂತೆ. ಶಾಲೆಯಲ್ಲಿ ದೊಡ್ಡ ಹುಡುಗಿಯರು ಹೇಳಿಕೊಟ್ಟರಂತೆ, ಕಟ್ಟಿಕೊಂಡರೆ ಬೆಳೆಯುವುದಿಲ್ಲ ಎಂದು. ಆ ಹಾಸಿಗೆಯನ್ನು ದಿನವೂ ನಾನೇ ಮಡಿಸುತ್ತೇನೆ. ಮೊದಲೇ ನೋಡಬೇಕಿತ್ತು.

"ಯಾಕಮ್ಮಾ ಹೀಗೆ ಮಾಡ್ಕೊಂಡೆ?" ಎಂದೆ.

"ದೊಡ್ಡಮ್ಮನ ಥರ ಆಗ್ಬಾರ್ದು ಅಂತ" ಎಂದಳು. ಸಂಕೋಚವಿಲ್ಲದೆ, ಹಲ್ಲುಜ್ಜದಿದ್ದರೆ ಹುಳ ಬೀಳುತ್ತದೆ ಎನ್ನುವ ಹಾಗೆ ಹೇಳಿದಳು. "ನಾನು ನಿನ್ನ ಥರ ಆಗ್ತೀನಿ ಅಲ್ವಾ ಅಮ್ಮ? ಟೀಚರ್ ಹೇಳಿದಾರೆ."

ನನಗೆ ತಡೆದುಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ. ನೀನು ಹೇಳಿದ ಹಾಗೆ ನಾನೇ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ಅಳುತ್ತಾಳೆ, ಕಿರುಚುತ್ತಾಳೆ, ನೀನು ನನ್ನಮ್ಮ ಅಲ್ಲ ಎನ್ನುತ್ತಾಳೆ ಎಂದೆಲ್ಲ ಹೆದರಿದ್ದೆ. ಯಾಕೆ ಕೊಟ್ಟಳು ಎಂದು ಕೇಳಿದರೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಅದನ್ನು ಕೇಳಲೇ ಇಲ್ಲ. ಕಾಲ ಮೇಲಿನ ಬರೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು:

"ಹಾಗಾದ್ರೆ ಕಟ್ಕೊಂಡ್ರೂ ಉಪಯೋಗ ಇಲ್ವಾ?"

ಈ ಪ್ರಶ್ನೆಯನ್ನು ನಿನಗೆ ಕಳಿಸುತ್ತಿದ್ದೇನೆ. ದೂರದ ಸಂಬಂಧಿ ಎಂದು ಬರೆದ ಕೈ ಇದೇ. ಬೈಯುವುದಾದರೆ ಆಮೇಲೆ ಬೈಯಿ, ಮೊದಲು ಅವಳಿಗೆ ಬರೆ.

ನಿನ್ನ ತಂಗಿ

* * *

ಡಿಸೆಂಬರ್ ೪

ಮಿಡತೇ,

ನಿನ್ನ ಪ್ರಶ್ನೆ ತಲುಪಿತು. ಉತ್ತರ: ಇಲ್ಲ, ಉಪಯೋಗ ಇಲ್ಲ. ಬಿಚ್ಚು. ಇವತ್ತೇ ಬಿಚ್ಚು. ಆ ಮಫ್ಲರನ್ನು ಕುತ್ತಿಗೆಗೆ ಸುತ್ತಿಕೋ, ಅದನ್ನು ಮಾಡಿರುವುದು ಅದಕ್ಕೇ.

ನೀನು ನನ್ನ ಹಾಗೇ ಆಗುತ್ತೀಯ. ಇನ್ನು ಕೆಲವು ವರ್ಷಕ್ಕೆ ಸೊಂಟ ಬರುತ್ತದೆ, ತೊಡೆ ಬರುತ್ತದೆ. ಬರುವುದಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ, ಸುಳ್ಳು ಸಾಕಷ್ಟು ಆಗಿದೆ. ಆ ಮೈಯಲ್ಲಿ ಕುಣಿಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಆ ಶಾಲೆಯಲ್ಲಿ ಕುಣಿಯಲು ಬಿಡುವುದಿಲ್ಲ, ಅಷ್ಟೇ. ಎರಡೂ ಬೇರೆ ಬೇರೆ.

ಜ್ವರ ಬಂದಾಗ ನಿನ್ನ ಪಕ್ಕದಲ್ಲಿ ಕುಳಿತವಳು, ತಲೆ ಬಾಚಿದವಳು, ನಿನಗಾಗಿ ಆ ಹೆಂಗಸಿನ ಮುಂದೆ ಹೋಗಿ ತಿರುಗಿ ನಿಂತವಳು ನಿನ್ನ ಅಮ್ಮ. ಅವಳು ಯಾವತ್ತೂ ನಿನ್ನ ಅಮ್ಮನೇ. ನಾನು ಅದರಲ್ಲಿ ಪಾಲು ಕೇಳಲು ಬರುವುದಿಲ್ಲ.

ಬಸ್ಸಿನಲ್ಲಿ ನೀನು ನಕ್ಕದ್ದನ್ನು ನೋಡಿದೆ. ನೋವಾಯಿತು. ಮರೆತೆ ಎಂದು ಹೇಳಲಾರೆ. ನೀನು ಓಡಿಹೋದದ್ದನ್ನೂ ನೋಡಿದೆ, ನಗು ಬಂದವರು ಹಾಗೆ ಓಡುವುದಿಲ್ಲ ಎನ್ನುವುದೂ ನನಗೆ ಗೊತ್ತು.

ಬರೆಯಬೇಕೆನಿಸಿದರೆ ಬರೆ. ಬೇಡವೆನಿಸಿದರೆ ಬೇಡ.

ದೊಡ್ಡಮ್ಮ

* * *

ಜನವರಿ ೧೨

ದೊಡ್ಡಮ್ಮಂಗೆ,

ಸದ್ಯಕ್ಕೆ ಹಾಗೇ ಕರೀತೀನಿ. ಬೇರೆ ಥರ ಕರೆಯಕ್ಕೆ ನಾಚಿಕೆ ಆಗತ್ತೆ.

ನಿನ್ನ ಕಾಗದ ಬಂದು ತುಂಬಾ ದಿನ ಆಯ್ತು. ನಂಗೆ ನಿಮ್ಮಿಬ್ಬರ ಮೇಲೂ ಕೋಪ ಇದೆ. ಅಮ್ಮನ ಮೇಲೆ ಜಾಸ್ತಿ, ಯಾಕಂದ್ರೆ ಅವಳು ದಿನಾ ಕಾಣಿಸ್ತಾಳೆ. ನಿನ್ನ ಮೇಲೂ ಇದೆ. ಯಾಕೆ ಕೊಟ್ಟೆ ಅಂತ ನಾನು ಆಮೇಲೆ ಕೇಳ್ತೀನಿ, ಈಗಲ್ಲ. ಕೇಳಿದಾಗ ಸುಳ್ಳು ಹೇಳಬೇಡ.

ಮಫ್ಲರು ಬಿಚ್ಚಿದೆ. ಮೊದಲು ಎರಡು ಸಲ ಮತ್ತೆ ಕಟ್ಕೊಂಡೆ, ಆಮೇಲೆ ಬಿಟ್ಟೆ.

ಬರೋ ಗುರುವಾರ ಸಂಜೆ ಶಾಲೇಲಿ ತಾಯಂದಿರನ್ನ ಕರೀತಾರೆ. ಅಮ್ಮ "ನಾನು ಇನ್ನು ಅಲ್ಲಿ ಹೋಗಿ ನಿಲ್ಲಲ್ಲ, ಹೇಸಿಗೆ ಆಗತ್ತೆ" ಅಂದಳು. ಹಾಗಾದ್ರೆ ದೊಡ್ಡಮ್ಮನ್ನ ಕರೀಲಾ ಅಂತ ಕೇಳಿದೆ. ನಿನಗೆ ಬರೆಯಕ್ಕೆ ಪೆನ್ನು ಅವಳೇ ಕೊಟ್ಟಳು. ಅವಳು ಹೊರಗೆ ಬೆಂಚಿನ ಮೇಲೆ ಕಾಯ್ತಾಳಂತೆ.

ನೀನು ಬಾ. ಯೂನಿಫಾರ್ಮಲ್ಲೇ ಬಂದ್ರೂ ಪರವಾಗಿಲ್ಲ. ಟೀಚರ್ ನಿನ್ನ ನೋಡಿದ್ರೆ ನನ್ನ ತೆಗೆದುಹಾಕ್ತಾರೆ, ಗೊತ್ತು. ಆದ್ರೂ ಸುಳ್ಳು ಹೇಳ್ಕೊಂಡು ಅಲ್ಲಿರಕ್ಕೆ ನಂಗಿಷ್ಟ ಇಲ್ಲ. ತೆಗೆದ್ರೆ ಆಮೇಲೆ ನೋಡೋಣ, ಬೇರೆ ಶಾಲೆ ಇದ್ಯಂತೆ, ಅಮ್ಮ ಹೇಳಿದಳು. ನಾನು ಅಳಬಹುದು. ಅತ್ತರೆ ನೀನು ನನ್ನ ತಬ್ಕೊಬೇಡ, ನಂಗೆ ಇನ್ನೂ ಕೋಪ ಹೋಗಿಲ್ಲ. ಪಕ್ಕದಲ್ಲಿ ನಿಂತ್ಕೊ ಸಾಕು.

ನನ್ನ ಫ್ರೆಂಡ್ಸ್ ಎಲ್ಲಾ ಇರ್ತಾರೆ. ಯಾರಾದ್ರೂ ನಕ್ಕರೆ ನೀನು ಬೈಬೇಡ. ನಾನು ಬೈತೀನಿ.

ಮಿಡತೆ